ಗಾಣಕ್ಕೆ ಸಿಕ್ಕಿದ ಬೆರಳು: ಕೈ ಶಸ್ತ್ರಚಿಕಿತ್ಸೆ ಬಲ್ಲವರು ದಯವಿಟ್ಟು ಹೇಳಿ

ಕೆರಗೋಡು ರೈತ · ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯ ತಾಲ್ಲೂಕಿನ ಕೆರಗೋಡು ಕಡೆಯವನು. ಹನ್ನೆರಡು ದಿನಗಳ ಹಿಂದೆ ನನ್ನ ತಮ್ಮನ ಬಲಗೈ ಆಲೆಮನೆಯ ಗಾಣಕ್ಕೆ ಸಿಕ್ಕಿತು. ಬೆಳಗಿನ ಜಾವ ಐದು ಗಂಟೆ, ಅವನು ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಚಳಿಯೆಂದು ಬಟ್ಟೆಯ ಗ್ಲೌಸ್ ಹಾಕಿಕೊಂಡಿದ್ದ. ಸೀಳಿದ ಕಬ್ಬೊಂದು ಗ್ಲೌಸಿಗೆ ಸಿಕ್ಕಿಕೊಂಡು ಕೈಯನ್ನು ರೋಲರಿನ ಬಾಯಿಗೆ ಎಳೆದುಕೊಂಡು ಹೋಯಿತು. ನಾನು ಓಡಿಹೋಗಿ ಮೋಟಾರು ನಿಲ್ಲಿಸುವಷ್ಟರಲ್ಲಿ ತೋರುಬೆರಳು ನಡುಗೆಣ್ಣಿನ ಬಳಿ ತುಂಡಾಗಿತ್ತು. ನಡುಬೆರಳಿನ ಚರ್ಮ ಸುಲಿದು ಮೂಳೆ ಕಾಣುತ್ತಿತ್ತು.

ತುಂಡಾದ ಬೆರಳನ್ನು ತೊಳೆದು, ಪಕ್ಕದ ಅಂಗಡಿಯ ಫ್ರಿಜ್ಜಿನಿಂದ ಐಸ್ ತಂದು, ಸ್ಟೀಲ್ ಡಬ್ಬಿಯಲ್ಲಿ ಐಸಿನ ಮೇಲೆಯೇ ಇಟ್ಟುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಡಬ್ಬಿ ತೆಗೆದಾಗ ಬೆರಳು ಸೀಮೆಸುಣ್ಣದಂತೆ ಬೆಳ್ಳಗೆ, ಗಟ್ಟಿಯಾಗಿತ್ತು. ಜೋಡಿಸಲಾಗುವುದಿಲ್ಲ ಎಂದರು. ನಡುಬೆರಳಿಗೆ ಒಳಗೆ ತಂತಿ ಹಾಕಿ, ಚರ್ಮಕ್ಕಾಗಿ ಕೈಯನ್ನು ತೊಡೆಸಂದಿಗೆ ಹೊಲಿದಿದ್ದಾರೆ. ಮೂರು ವಾರ ಹಾಗೆಯೇ ಇರಬೇಕಂತೆ. ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದಾನೆ, ಅವ್ವನೇ ಊಟ ಮಾಡಿಸುತ್ತಾಳೆ.

ಎರಡು ಪ್ರಶ್ನೆ. ಬೆರಳು ಹೋದದ್ದು ನಾವು ಐಸಿನಲ್ಲಿಟ್ಟ ತಪ್ಪಿನಿಂದಲೇ? ಉಳಿದ ಬೆರಳು ಮತ್ತೆ ಮಡಿಚುವುದೇ? ಇದನ್ನು ಯಾರ ಬಳಿಯೂ ಬಾಯಿಬಿಟ್ಟು ಕೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಕೈ ವೈದ್ಯ, ಮೈಸೂರು · ಭಾನುವಾರ, ರಾತ್ರಿ 11:15

ಅಣ್ಣ, ಮೊದಲು ನಿಮ್ಮ ಎದೆಯ ಮೇಲಿನ ಭಾರಕ್ಕೆ ಉತ್ತರ ಕೊಡುತ್ತೇನೆ. ಕೈಯನ್ನು ಕಣ್ಣಾರೆ ನೋಡದೆ ಖಚಿತವಾಗಿ ಹೇಳುವುದು ಸರಿಯಲ್ಲ. ಆದರೂ ಗಾಣದ ಗಾಯಗಳನ್ನು ಸಾಕಷ್ಟು ನೋಡಿದವನಾಗಿ ಹೇಳುತ್ತೇನೆ: ಆ ಬೆರಳನ್ನು ನೀವು ಹೇಗೆ ತಂದಿದ್ದರೂ ಜೋಡಿಸುವುದು ಬಹುಶಃ ಆಗುತ್ತಿರಲಿಲ್ಲ. ರೋಲರ್ ಕತ್ತಿಯಂತೆ ಕತ್ತರಿಸುವುದಿಲ್ಲ, ಜಜ್ಜಿ ಎಳೆದು ಕೀಳುತ್ತದೆ. ಬೆರಳಿನ ರಕ್ತನಾಳ ಸುಮಾರು ಒಂದು ಮಿಲಿಮೀಟರ್ ದಪ್ಪ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ, ತಲೆಗೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತೇವೆ. ಹೊಲಿಯಲು ಎರಡೂ ತುದಿಗಳಲ್ಲಿ ಒಳಪದರ ಚೆನ್ನಾಗಿರಬೇಕು. ಗಾಣಕ್ಕೆ ಸಿಕ್ಕಿದ ಬೆರಳಿನಲ್ಲಿ ನಾಳ ಉದ್ದಕ್ಕೂ ಒಳಗೊಳಗೇ ಹರಿದಿರುತ್ತದೆ. ಹೊಲಿದರೂ ರಕ್ತ ಹೆಪ್ಪುಗಟ್ಟಿ ನಿಂತುಬಿಡುತ್ತದೆ.

ಆದರೂ ಐಸಿನ ವಿಷಯ ಎಲ್ಲರಿಗೂ ಗೊತ್ತಿರಬೇಕು. ಮೇವು ಕತ್ತರಿಸುವ ಯಂತ್ರ ಅಥವಾ ಮಚ್ಚಿನಿಂದ ನೇರವಾಗಿ ತುಂಡಾದ ಬೆರಳನ್ನು ಉಳಿಸಲು ಸಾಧ್ಯವಿರುತ್ತದೆ. ಬೆರಳು ಐಸಿಗೆ ನೇರವಾಗಿ ತಾಗಿದರೆ ಅಂಗಾಂಶವೇ ಹೆಪ್ಪುಗಟ್ಟಿ ಸಾಯುತ್ತದೆ. ಬರೀ ನೀರಿನಲ್ಲಿ ಮುಳುಗಿಸಿಟ್ಟರೆ ನೆನೆದು ಊದಿಕೊಳ್ಳುತ್ತದೆ. ಆದ್ದರಿಂದ ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಬಿಗಿದು, ಆ ಚೀಲವನ್ನು ನೀರು ಬೆರೆಸಿದ ಐಸಿನಲ್ಲಿ ಇಡಬೇಕು. ಹೀಗೆ ತಂಪಾಗಿಟ್ಟರೆ ಬೆರಳು 24 ಗಂಟೆಯವರೆಗೂ ತಾಳಬಹುದು. ತಂಪಿಲ್ಲದೆ ಹಾಗೆಯೇ ಬಿಟ್ಟರೆ ಹೆಚ್ಚೆಂದರೆ 12 ಗಂಟೆ. ಮಣಿಕಟ್ಟಿನಿಂದ ಮೇಲೆ ತುಂಡಾದರೆ ಲೆಕ್ಕ ಬೇರೆ. ಅಲ್ಲಿ ಮಾಂಸಖಂಡ ಇರುತ್ತದೆ, ತಂಪಿಲ್ಲದೆ ಆರು ಗಂಟೆ ದಾಟಿದರೆ ಕೈಯೂ ಕಷ್ಟ, ಕೆಲವೊಮ್ಮೆ ಜೀವಕ್ಕೇ ಅಪಾಯ.

ಇನ್ನೊಂದು ಮಾತು. ಜೋಡಿಸಲು ಸಾಧ್ಯವಿದ್ದಾಗಲೂ ಎಲ್ಲ ಬೆರಳನ್ನೂ ಜೋಡಿಸುವುದಿಲ್ಲ. 1962ರಲ್ಲಿ ಬಾಸ್ಟನ್‌ನಲ್ಲಿ ಹನ್ನೆರಡು ವರ್ಷದ ಹುಡುಗನ ತೋಳನ್ನು ಮೊದಲ ಬಾರಿಗೆ ಜೋಡಿಸಿದರು. 1965ರಲ್ಲಿ ಜಪಾನಿನ ಕೊಮಾತ್ಸು ಮತ್ತು ತಮಾಯ್ ಪೂರ್ತಿ ತುಂಡಾದ ಹೆಬ್ಬೆರಳನ್ನು ಜೋಡಿಸಿದರು. ಆಮೇಲೆ ಕೆಲವು ವರ್ಷ ಸಿಕ್ಕ ಬೆರಳನ್ನೆಲ್ಲ ಜೋಡಿಸುವ ಉತ್ಸಾಹವಿತ್ತು. ಈಗ ಆ ಬೆರಳು ಮುಂದೆ ಕೆಲಸಕ್ಕೆ ಬರುತ್ತದೆಯೇ ಎಂದು ಮೊದಲು ನೋಡುತ್ತೇವೆ. ಹೆಬ್ಬೆರಳು, ಒಟ್ಟಿಗೆ ಹೋದ ಹಲವು ಬೆರಳುಗಳು, ಮಕ್ಕಳ ಯಾವುದೇ ಬೆರಳು, ಅಂಗೈ: ಇವಕ್ಕೆ ಕೈಲಾದಷ್ಟೂ ಪ್ರಯತ್ನಿಸಬೇಕು. ದುಡಿಯುವ ವಯಸ್ಕನ ಒಂಟಿ ತೋರುಬೆರಳು ಬುಡದ ಕಡೆ ತುಂಡಾಗಿದ್ದರೆ, ಜೋಡಿಸಿದ ಮೇಲೆ ಅದು ಹೆಚ್ಚಾಗಿ ಕಡ್ಡಿಯಂತೆ ನೆಟ್ಟಗೆ ನಿಲ್ಲುತ್ತದೆ. ಮೆದುಳು ಅದನ್ನು ಬಿಟ್ಟು ನಡುಬೆರಳಿನಿಂದಲೇ ಹಿಡಿಯಲು ಕಲಿಯುತ್ತದೆ. ನಿಮ್ಮ ತಮ್ಮನ ವಿಷಯದಲ್ಲಿ ಆ ನಡುಬೆರಳೇ ಈಗ ಮುಖ್ಯ. ಅದಕ್ಕಾಗಿಯೇ ಅಲ್ಲಿನ ವೈದ್ಯರು ಇಷ್ಟು ಶ್ರಮಪಟ್ಟಿದ್ದಾರೆ.

ತೊಡೆಸಂದಿಯ ಚರ್ಮ ಕೊಡುವ ವಿಧಾನವನ್ನು ಮೆಕ್‌ಗ್ರೆಗರ್ ಮತ್ತು ಜಾಕ್ಸನ್ 1972ರಲ್ಲಿ ವಿವರಿಸಿದರು. ಇಂದಿಗೂ ಅದು ನಂಬಿಕೆಗೆ ಅರ್ಹವಾದ ದಾರಿ. ಮೂರು ವಾರದಲ್ಲಿ ಆ ಚರ್ಮ ಬೆರಳಿನಿಂದಲೇ ರಕ್ತ ಪಡೆಯಲು ಕಲಿಯುತ್ತದೆ, ಆಗ ಬೇರ್ಪಡಿಸುತ್ತಾರೆ. ಅಲ್ಲಿಯವರೆಗೆ ಭುಜ, ಮೊಣಕೈ ಮತ್ತು ಗಾಯವಾಗದ ಬೆರಳುಗಳನ್ನು ಆಡಿಸುತ್ತಿರಲಿ. ಅಲ್ಲಿನ ವೈದ್ಯರಿಂದ ಎಷ್ಟು ಆಡಿಸಬಹುದೆಂದು ಕೇಳಿಕೊಳ್ಳಿ.

ಫಿಸಿಯೋ, ಸರಸ್ವತಿಪುರಂ · ಸೋಮವಾರ, ಬೆಳಿಗ್ಗೆ 7:05

ಡಾಕ್ಟರ್ ಕೊನೆಯಲ್ಲಿ ಹೇಳಿದ್ದನ್ನು ನಾನು ಮೊದಲಿಗೆ ಹೇಳುತ್ತೇನೆ. ನನ್ನ ಬಳಿ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಷ್ಟ ಗಾಯವಾದ ಬೆರಳಿನದಲ್ಲ, ಅದರ ಪಕ್ಕದಲ್ಲಿ ಸುಮ್ಮನೆ ಕೂತ ಬೆರಳುಗಳದ್ದು. ಒಂದು ಬೆರಳಿಗೆ ಪೆಟ್ಟಾಗಿ ನಾಲ್ಕು ಬೆರಳು ಮರಗಟ್ಟುತ್ತವೆ. ಕೈ ಊದಿಕೊಂಡರೆ ಕೀಲುಗಳ ಸುತ್ತ ನೀರು ತುಂಬುತ್ತದೆ, ಆ ನೀರು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಜೋಲಿ ಹಾಕಿ ಕೈಯನ್ನು ಹೊಟ್ಟೆಯ ಹತ್ತಿರ ತೂಗುಬಿಡಬೇಡಿ. ಫ್ಲಾಪ್, ಅಂದರೆ ತೊಡೆಸಂದಿಗೆ ಹೊಲಿದ ಚರ್ಮ, ಬಿಡಿಸಿದ ಮೇಲೆ ಕೈ ಎದೆಗಿಂತ ಎತ್ತರದಲ್ಲಿರಲಿ, ಮಲಗಿದಾಗ ಎರಡು ದಿಂಬಿನ ಮೇಲೆ.

ಸ್ಪ್ಲಿಂಟ್, ಅಂದರೆ ಕೈ ಅಲುಗದಂತೆ ಕಟ್ಟುವ ಆಸರೆ, ಹಾಕುವಾಗ ಬೆರಳಿನ ಬುಡದ ಗೆಣ್ಣು ಚೆನ್ನಾಗಿ ಬಾಗಿರಬೇಕು, ಮುಂದಿನ ಎರಡು ಗೆಣ್ಣುಗಳು ನೆಟ್ಟಗಿರಬೇಕು. ಗಾಯವಾದ ಕೈ ತಾನಾಗಿಯೇ ಇದಕ್ಕೆ ಪೂರ್ತಿ ಉಲ್ಟಾ ನಿಲ್ಲುತ್ತದೆ. ಹಾಗೆ ಬಿಟ್ಟ ಕೈಯನ್ನು ಮೂರು ವಾರದ ನಂತರ ಮಡಿಚಿಸಲು ನಾನು ಮೂರು ತಿಂಗಳು ಒದ್ದಾಡುತ್ತೇನೆ.

ಮತ್ತೊಂದು, ಇದನ್ನು ನಮ್ಮ ಕಡೆಯವರು ಗಮನವಿಟ್ಟು ಓದಬೇಕು. ನಾವು ಎಲ್ಲವನ್ನೂ ‘ನರ’ ಎನ್ನುತ್ತೇವೆ. ‘ನರ ಕಟ್ಟಾಯಿತು’ ಎಂದು ಫೋನ್ ಮಾಡಿದರೆ ನನಗೆ ಮೂರು ಅರ್ಥ ಹೊಳೆಯುತ್ತವೆ. ಬೆರಳು ಮಡಿಚುತ್ತಿಲ್ಲ, ಆದರೆ ಮುಟ್ಟಿದರೆ ಗೊತ್ತಾಗುತ್ತದೆ ಎಂದರೆ ತುಂಡಾದದ್ದು ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ಬಿಳಿ ಹುರಿ. ಬೆರಳು ಮಡಿಚುತ್ತದೆ, ಆದರೆ ಮುಟ್ಟಿದ್ದು ತಿಳಿಯುವುದಿಲ್ಲ ಎಂದರೆ ತುಂಡಾದದ್ದು ನಿಜವಾದ ನರ. ಬೆರಳು ಬಿಳಿಚಿಕೊಂಡು ತಣ್ಣಗಾಗಿದ್ದರೆ ರಕ್ತನಾಳ. ಒಂದೇ ಗಾಯದಲ್ಲಿ ಮೂರೂ ತುಂಡಾಗಿರಬಹುದು. ಮೇಲಿನ ಚರ್ಮಕ್ಕೆ ನಾಲ್ಕು ಹೊಲಿಗೆ ಹಾಕಿಸಿಕೊಂಡು ಮನೆಗೆ ಬರುವ ಮೊದಲು, ಪ್ರತಿಯೊಂದು ಗೆಣ್ಣನ್ನೂ ಬೇರೆ ಬೇರೆಯಾಗಿ ಮಡಿಚಿ, ಬೆರಳ ತುದಿಯ ಎರಡೂ ಬದಿ ಮುಟ್ಟಿ ನೋಡಿದರೇ ಎಂದು ಕೇಳಿ. ಇದು ಎರಡು ನಿಮಿಷದ ಕೆಲಸ.

ಎಳನೀರು, ಮದ್ದೂರು · ಸೋಮವಾರ, ಮಧ್ಯಾಹ್ನ 1:30

ಕೆರಗೋಡಿನ ಅಣ್ಣನಿಗೆ ಧೈರ್ಯ ಹೇಳಲು ನನ್ನ ಕಥೆ ಬರೆಯುತ್ತೇನೆ. ಮಾರುಕಟ್ಟೆಯ ಹತ್ತಿರ ಎಳನೀರು ಕೊಚ್ಚುವುದು ನನ್ನ ಕೆಲಸ. ಹೋದ ವರ್ಷ ಮಚ್ಚು ಕೈಜಾರಿತು. ಬೀಳುವ ಮಚ್ಚನ್ನು ಹಿಡಿಯಬಾರದಿತ್ತು, ಅಲಗನ್ನೇ ಹಿಡಿದುಬಿಟ್ಟೆ. ಉಂಗುರ ಬೆರಳು ಮತ್ತು ಕಿರುಬೆರಳು ಮಡಿಚುವುದೇ ನಿಂತುಹೋಯಿತು. ಮುಷ್ಟಿ ಕಟ್ಟಿದರೆ ಆ ಎರಡು ಮಾತ್ರ ನೆಟ್ಟಗೆ ನಿಂತಿರುತ್ತಿದ್ದವು.

ಆಪರೇಷನ್ ಮಾಡುವಾಗ ನನಗೆ ಎಚ್ಚರವಿತ್ತು. ಬೆರಳಿನ ಬುಡಕ್ಕೆ, ಅಂಗೈಗೆ ಸೂಜಿ ಹಾಕಿ ಅರ್ಧ ಗಂಟೆ ಸುಮ್ಮನೆ ಕೂರಿಸಿದರು. ಬೆರಳು ಸುಣ್ಣದಂತೆ ಬೆಳ್ಳಗಾಯಿತು. ನೋವಿಲ್ಲ, ರಕ್ತವೂ ಇಲ್ಲ. ಒಳಗಿನ ಹುರಿ ಹೊಲಿದ ಮೇಲೆ ಡಾಕ್ಟರು ‘ಈಗ ನಿಧಾನವಾಗಿ ಮಡಿಚಿ’ ಎಂದರು. ಅರ್ಧಕ್ಕೆ ಬಂದು ಎಲ್ಲೋ ತಡೆಯಿತು. ಹೊಲಿದ ಗಂಟು ಹುರಿಯನ್ನು ಹಿಡಿದಿಡುವ ಒಳಗಿನ ಬಳೆಗೆ ತಾಗುತ್ತಿದೆ ಎಂದು ಹೇಳಿ, ಆ ಬಳೆಯನ್ನು ಸ್ವಲ್ಪ ಬಿಡಿಸಿ, ಮತ್ತೆ ಮಡಿಚಲು ಹೇಳಿದರು. ಬೆರಳು ಸಲೀಸಾಗಿ ಬಂದು ಅಂಗೈ ಮುಟ್ಟಿತು. ಅದನ್ನು ನನ್ನ ಕಣ್ಣಿನಿಂದಲೇ ನೋಡಿದೆ.

ಆಮೇಲೆ ಆದದ್ದನ್ನೂ ಹೇಳಬೇಕು. ಮೂರನೆಯ ವಾರದ ಹೊತ್ತಿಗೆ ನೋವು ಒಂದಿಷ್ಟೂ ಇರಲಿಲ್ಲ. ವಾಸಿಯಾಯಿತು ಅಂದುಕೊಂಡು ಸ್ಪ್ಲಿಂಟ್ ಬಿಚ್ಚಿ ಒಂದು ಗೊನೆ ಎತ್ತಿದೆ. ಅಂಗೈಯೊಳಗೆ ಟಪ್ ಎಂದ ಹಾಗಾಯಿತು. ಕಿರುಬೆರಳಿನ ಹೊಲಿಗೆ ಕಿತ್ತುಬಂದಿತ್ತು. ಮತ್ತೆ ಆಪರೇಷನ್. ಉಂಗುರ ಬೆರಳು ಈಗ ಪೂರ್ತಿ ಮಡಿಚುತ್ತದೆ. ಕಿರುಬೆರಳು ಮುಕ್ಕಾಲು.

ಕೈ ವೈದ್ಯ, ಮೈಸೂರು · ಸೋಮವಾರ, ರಾತ್ರಿ 10:20

ಮದ್ದೂರಿನವರು ಬರೆದದ್ದು ನಮ್ಮ ವಿಭಾಗದಲ್ಲಿ ಕಳೆದ ಎರಡು ದಶಕಗಳಲ್ಲಿ ಆದ ದೊಡ್ಡ ಬದಲಾವಣೆ. ನೋವು ತಿಳಿಯದಂತೆ ಮಾಡುವ ಲಿಡೊಕೇನ್ ಜೊತೆಗೆ ಅಡ್ರಿನಲಿನ್ ಬೆರೆಸಿ ಕೊಟ್ಟರೆ ರಕ್ತನಾಳ ಕುಗ್ಗುತ್ತದೆ. ತೋಳಿಗೆ ಬಿಗಿಯುವ ಪಟ್ಟಿಯೂ ಬೇಕಿಲ್ಲ, ಪೂರ್ತಿ ಅರಿವಳಿಕೆಯೂ ಬೇಕಿಲ್ಲ. ‘ಬೆರಳಿಗೆ ಅಡ್ರಿನಲಿನ್ ಕೊಡಬೇಡಿ, ಕೊಳೆಯುತ್ತದೆ’ ಎಂದು ನನಗೂ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆ ಭಯ ಬಂದದ್ದು ಹಿಂದಿನ ಕಾಲದ ಪ್ರೊಕೇನ್ ಎಂಬ ಔಷಧದ ಅನಾಹುತಗಳಿಂದ. ಕೆನಡಾದ ಡಾನ್ ಲಾಲೊಂಡ್ ಮತ್ತು ಸಂಗಡಿಗರು 2005ರಲ್ಲಿ ಕೈ ಮತ್ತು ಬೆರಳುಗಳಿಗೆ ಅಡ್ರಿನಲಿನ್ ಕೊಟ್ಟ 3,110 ಪ್ರಕರಣಗಳನ್ನು ಪ್ರಕಟಿಸಿದರು. ಒಂದು ಬೆರಳೂ ಕೊಳೆಯಲಿಲ್ಲ. ಅಕಸ್ಮಾತ್ ಬೆರಳು ಬಿಳಿಚಿಕೊಂಡೇ ಉಳಿದರೆ ಫೆಂಟೊಲಮೈನ್ ಎಂಬ ಮದ್ದೂ ಇದೆ. ನಮ್ಮಂಥ ಜಿಲ್ಲೆಗಳಿಗೆ ಇದರಿಂದ ತುಂಬ ಉಪಯೋಗ: ರಾತ್ರಿ ಅರಿವಳಿಕೆ ವೈದ್ಯರಿಗಾಗಿ ಕಾಯುವ ಸಂದರ್ಭ ಕಡಿಮೆಯಾಗುತ್ತದೆ, ವಯಸ್ಸಾದ ಹೃದ್ರೋಗಿಗೂ ಕೈಯ ಆಪರೇಷನ್ ಮಾಡಬಹುದು.

ಬೆರಳಿನ ಬುಡದಿಂದ ನಡುವಿನವರೆಗೆ ಎರಡು ಹುರಿಗಳು ಒಂದೇ ಕಿರಿದಾದ ಕೊಳವೆಯಲ್ಲಿ ಓಡುತ್ತವೆ. ಅಮೆರಿಕದ ಸ್ಟರ್ಲಿಂಗ್ ಬನೆಲ್ ಆ ಜಾಗಕ್ಕೆ ‘ಯಾರಿಗೂ ಸೇರದ ನೆಲ’ ಎಂಬ ಹೆಸರಿಟ್ಟು, ಅಲ್ಲಿ ತುಂಡಾದ ಹುರಿಯನ್ನು ಕೂಡಲೇ ಹೊಲಿಯಬೇಡಿ ಎಂದಿದ್ದರು. ಹೊಲಿದರೆ ಅಂಟಿಕೊಳ್ಳುತ್ತಿತ್ತು. ಈಗ ನಾಲ್ಕು ಅಥವಾ ಆರು ಎಳೆಯ ಗಟ್ಟಿ ಹೊಲಿಗೆ ಹಾಕಿ, ಬೇಕಾದರೆ ಬಳೆಯನ್ನು ಒಂದಿಷ್ಟು ಬಿಡಿಸಿ, ಮೂರರಿಂದ ಐದನೆಯ ದಿನಕ್ಕೇ ಬೆರಳು ಆಡಿಸಲು ಶುರುಮಾಡುತ್ತೇವೆ. ಹೊಲಿಗೆ ಅತ್ಯಂತ ದುರ್ಬಲವಾಗಿರುವುದು ಎರಡನೆಯ, ಮೂರನೆಯ ವಾರಗಳಲ್ಲಿ, ರೋಗಿಗೆ ಎಲ್ಲ ಸರಿಹೋಯಿತು ಎನಿಸುವ ಹೊತ್ತಿನಲ್ಲೇ. ಆಡಿಸಬೇಕು, ಆದರೆ ಎತ್ತಬಾರದು. ಭಾರದ ಕೆಲಸಕ್ಕೆ ಹನ್ನೆರಡು ವಾರ ಬೇಕು. ದಿನಗೂಲಿಯವನಿಗೆ ಹನ್ನೆರಡು ವಾರ ಎಂದರೆ ಏನು ಎಂಬುದು ನನಗೆ ಗೊತ್ತು. ಅದಕ್ಕೇ ಮನೆಯವರನ್ನೂ ಕೂರಿಸಿಕೊಂಡು ಮೊದಲ ದಿನವೇ ಈ ಲೆಕ್ಕ ಹೇಳುತ್ತೇನೆ.

ಶ್ರೀರಂಗಪಟ್ಟಣದ ಗೃಹಿಣಿ · ಮಂಗಳವಾರ, ಬೆಳಿಗ್ಗೆ 11:00

ನನ್ನ ತಾಯಿಗೆ 66 ವರ್ಷ. ಬಚ್ಚಲಲ್ಲಿ ಜಾರಿ ಕೈಯೂರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿದೆ. ಒಬ್ಬ ವೈದ್ಯರು ಪ್ಲೇಟ್ ಹಾಕಲೇಬೇಕು ಎಂದರು, ಇನ್ನೊಬ್ಬರು ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದ್ದಾರೆ. ಹಣ ಉಳಿಸಲು ಅಮ್ಮನ ಕೈ ಹಾಳುಮಾಡಿದೆವು ಎಂದು ನೆಂಟರು ಆಡಿಕೊಳ್ಳುತ್ತಿದ್ದಾರೆ. ಡಾಕ್ಟರೇ, ನಾವು ಮಾಡಿದ್ದು ತಪ್ಪೇ?

ಕೈ ವೈದ್ಯ, ಮೈಸೂರು · ಮಂಗಳವಾರ, ರಾತ್ರಿ 9:50

ಇಲ್ಲ ತಾಯಿ. ಬ್ರಿಟನ್ನಿನಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಎರಡು ದೊಡ್ಡ ಪ್ರಯೋಗಗಳನ್ನು ನಡೆಸಿದರು. 2014ರಲ್ಲಿ ಪ್ರಕಟವಾದ ಡ್ರಾಫ್ಟ್ ಅಧ್ಯಯನದಲ್ಲಿ 461 ಜನರಿದ್ದರು. ಚೀಟಿ ಎತ್ತಿದ ಹಾಗೆ ಅರ್ಧ ಜನರಿಗೆ ಪ್ಲೇಟ್, ಅರ್ಧ ಜನರಿಗೆ ಬರೀ ತಂತಿ. ವರ್ಷದ ನಂತರ ಕೈಯ ಕೆಲಸದಲ್ಲಿ ವ್ಯತ್ಯಾಸ ಕಾಣಲಿಲ್ಲ. 2022ರ ಎರಡನೆಯ ಅಧ್ಯಯನದಲ್ಲಿ 500 ಜನರಿಗೆ ತಂತಿಯನ್ನೂ ಬರೀ ಪ್ಲಾಸ್ಟರನ್ನೂ ಹೋಲಿಸಿದರು. ವರ್ಷದ ಕೊನೆಗೆ ಎರಡೂ ಸಮ. ಆದರೆ ಪ್ಲಾಸ್ಟರ್ ಹಾಕಿದವರಲ್ಲಿ ಎಂಟಕ್ಕೆ ಒಬ್ಬರಿಗೆ ಮೊದಲ ಆರು ವಾರದಲ್ಲಿ ಮೂಳೆ ಸರಿದು ಆಪರೇಷನ್ ಬೇಕಾಯಿತು. ಹಾಗಾಗಿ ನಿಮ್ಮ ಕೆಲಸ ಇಷ್ಟು: ಮೊದಲ ವಾರ, ಎರಡನೆಯ ವಾರ ತಪ್ಪದೆ ಎಕ್ಸ್‌ರೇ. ಸರಿದಿದ್ದರೆ ಆಗ ತಂತಿಯೋ ಪ್ಲೇಟೋ ನೋಡೋಣ.

ಈ ಅಧ್ಯಯನ ಎಳೆದು ಕೂರಿಸಬಹುದಾದ ಮುರಿತಗಳಿಗೆ ಸಂಬಂಧಿಸಿದ್ದು. ಕೀಲಿನ ಒಳಮೈ ಚೂರುಚೂರಾಗಿ ಹೊಂದಿಕೆ ತಪ್ಪಿದ್ದರೆ ತೆರೆದು ಸರಿಪಡಿಸಲೇಬೇಕಾಗುತ್ತದೆ. ಪ್ಲೇಟನ್ನು ನಾನೂ ಹಾಕುತ್ತೇನೆ. ಆದರೆ ‘ಹಾಕಲೇಬೇಕು’ ಎಂಬ ಮಾತಿಗೆ ಕಾರಣ ಕೇಳುವ ಹಕ್ಕು ನಿಮಗಿದೆ. ಭುಜದ ಹತ್ತಿರದ ಮುರಿತಕ್ಕೂ ಹೀಗೆಯೇ. 2015ರಲ್ಲಿ 250 ಜನರ ಅಧ್ಯಯನ ಶಸ್ತ್ರಚಿಕಿತ್ಸೆಗೂ ಬರೀ ಜೋಲಿಗೂ ವ್ಯತ್ಯಾಸ ಕಾಣಲಿಲ್ಲ ಎಂದಿತು. ಮಣಿಕಟ್ಟಿನ ಸ್ಕ್ಯಾಫಾಯ್ಡ್ ಮೂಳೆ ಹೆಚ್ಚು ಸರಿಯದೆ ಬಿರುಕು ಬಿಟ್ಟಾಗ ಮೊದಲು ಪ್ಲಾಸ್ಟರ್, ಕೂಡದಿದ್ದರೆ ಸ್ಕ್ರೂ ಎಂದು 2020ರ 439 ಜನರ ಅಧ್ಯಯನ ತೋರಿಸಿತು. ಶಸ್ತ್ರಚಿಕಿತ್ಸಕನಾಗಿ ನನಗೆ ಇವು ಮುಜುಗರದ ಫಲಿತಾಂಶಗಳಲ್ಲ. ಕತ್ತಿ ಬೇಡವಾದ ಕಡೆ ಅದನ್ನು ಕೆಳಗಿಡಲು ಇವು ನನಗೆ ಆಧಾರ ಕೊಟ್ಟಿವೆ.

ಅಮ್ಮನಿಗೆ ಇಂದಿನಿಂದಲೇ ಗಂಟೆಗೊಮ್ಮೆ ಐದೂ ಬೆರಳು ಮಡಿಚಿ ಬಿಡಿಸಲು ಹೇಳಿ, ಕೈಯನ್ನು ತಲೆಯ ಮೇಲೆ ಎತ್ತಿಸಿ. ಮೂಳೆಯ ಸಾಂದ್ರತೆಯನ್ನೂ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಮಣಿಕಟ್ಟು ಮುರಿದರೆ ಮುಂದೆ ಸೊಂಟ ಮುರಿಯಬಹುದೆಂಬ ಮುನ್ಸೂಚನೆ ಅದು.

ಶಿಕ್ಷಕ, ತಿ. ನರಸೀಪುರ · ಮಂಗಳವಾರ, ರಾತ್ರಿ 10:30

ಪ್ಲಾಸ್ಟರ್ ಸಾಕು ಎನ್ನುವುದನ್ನು ಓದಿ ಜನ ನಾಟಿ ಕಟ್ಟಿಗೆ ಓಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮಾವಿನ ಮರದಿಂದ ಬಿದ್ದು ಮೊಣಕೈ ಹತ್ತಿರ ಮುರಿದಿತ್ತು. ಬಿದಿರಿನ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿದ್ದರು. ರಾತ್ರಿಯೆಲ್ಲ ಅತ್ತ, ‘ಕಟ್ಟು ಹಿಡಿಯುತ್ತಿದೆ’ ಎಂದು ಮನೆಯವರು ಸಮಾಧಾನ ಹೇಳಿದರು. ಮೂರನೆಯ ದಿನ ಬಿಚ್ಚಿದಾಗ ಬೆರಳು ಕಪ್ಪಗಿದ್ದವು. ಈಗ ಅವನ ಮಣಿಕಟ್ಟು ಬಾಗಿದೆ, ಬೆರಳುಗಳು ಕೊಕ್ಕೆಯಂತೆ ಒಳಕ್ಕೆ ಮುದುಡಿವೆ. ಪೆನ್ನನ್ನು ಎಡಗೈಯಲ್ಲಿ ಹಿಡಿಯುತ್ತಾನೆ.

ಅಜ್ಜನ ಮೊಮ್ಮಗ · ಬುಧವಾರ, ಬೆಳಿಗ್ಗೆ 6:45

ಮೇಷ್ಟ್ರೇ, ನೋವಿನಿಂದ ಹೇಳುತ್ತಿದ್ದೇನೆ. ನನ್ನ ಅಜ್ಜ ನಲವತ್ತು ವರ್ಷ ಮೂಳೆ ಕಟ್ಟಿದರು. ಒಬ್ಬರಿಂದಲೂ ಕಾಸು ಕೇಳಲಿಲ್ಲ, ಎಲೆ ಅಡಿಕೆ ಇಟ್ಟರೆ ಅದೇ ಹೆಚ್ಚು. ನೂರಾರು ಜನರ ಕೈ ಸರಿಯಾಯಿತು. ಒಬ್ಬನ ತಪ್ಪನ್ನು ಎಲ್ಲರ ತಲೆಗೆ ಕಟ್ಟಬೇಡಿ. ಆಸ್ಪತ್ರೆಯಲ್ಲೂ ಬಿಗಿಯಾದ ಪ್ಲಾಸ್ಟರ್ ಹಾಕುವುದಿಲ್ಲವೇ?

ಕೈ ವೈದ್ಯ, ಮೈಸೂರು · ಬುಧವಾರ, ಮಧ್ಯಾಹ್ನ 2:10

ಹಾಕುತ್ತಾರೆ. ನೀವು ಕೇಳಿದ್ದು ನ್ಯಾಯ. ಬಿಗಿದವರು ಯಾರೇ ಆಗಲಿ, ಒಳಗೆ ನಡೆಯುವುದು ಒಂದೇ. ಇದನ್ನು ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ಬಿಗಿ ಕಟ್ಟಿನ ಪರಿಣಾಮವೆಂದು ಬರೆದರು. ಮುರಿದ ಜಾಗ ಊದಿಕೊಳ್ಳುತ್ತದೆ, ಕಟ್ಟು ಹಿಗ್ಗುವುದಿಲ್ಲ, ಒತ್ತಡ ಏರಿ ಮಾಂಸಖಂಡಕ್ಕೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸತ್ತ ಮಾಂಸಖಂಡ ನಾರಾಗಿ ಮುದುಡುತ್ತದೆ. ನಿಮ್ಮ ಅಜ್ಜನಂಥವರ ಬೆರಳಿಗೆ ಮೂಳೆಯ ಅಂಚು ಗುರುತು ಹಿಡಿಯುವ ಶಕ್ತಿ ಇತ್ತು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಮಕ್ಕಳ ಮೊಣಕೈ ಮುರಿತದಲ್ಲಿ ರಕ್ತನಾಳ ಮುರಿದ ಮೂಳೆಯ ತುದಿಗೇ ಸಿಕ್ಕಿರಬಹುದು. ಅದು ಬೆರಳಿಗೆ ತಿಳಿಯುವುದಿಲ್ಲ. ಅದಕ್ಕೆ ಎಕ್ಸ್‌ರೇ ಬೇಕು, ನಾಡಿ ನೋಡಬೇಕು, ಹಲವು ಸಲ ಅದೇ ದಿನ ತಂತಿ ಹಾಕಬೇಕು.

ಯಾವ ಕಟ್ಟೇ ಇರಲಿ, ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಮಗುವಿನ ಬೆರಳನ್ನು ನೀವು ನಿಧಾನವಾಗಿ ನೇರ ಮಾಡಿದಾಗ ಚೀರಿದರೆ, ಬೆಳಗಾಗುವವರೆಗೆ ಕಾಯಬೇಡಿ. ಕಟ್ಟನ್ನು ಒಳಗಿನ ಹತ್ತಿಯವರೆಗೂ ಸೀಳಿಸಿ.

ಅಜ್ಜನ ಮೊಮ್ಮಗ · ಬುಧವಾರ, ರಾತ್ರಿ 8:15

ಸರಿ ಡಾಕ್ಟರೇ. ಊರಿನಲ್ಲಿ ಈಗಲೂ ಕಟ್ಟುವವರೊಬ್ಬರಿದ್ದಾರೆ, ನನಗೆ ಚಿಕ್ಕಪ್ಪನಾಗಬೇಕು. ಬೆರಳು ನೇರ ಮಾಡಿ ನೋಡುವ ವಿಷಯವನ್ನು ಅವರಿಗೆ ಹೇಳುತ್ತೇನೆ. ಮಕ್ಕಳ ಮೊಣಕೈಯನ್ನು ಮುಟ್ಟದೆ ಕಳುಹಿಸಿ ಎಂದೂ ಹೇಳುತ್ತೇನೆ.

ಇನ್‌ಲೇ ಕೆಲಸಗಾರ, ಮಂಡಿ ಮೊಹಲ್ಲಾ · ಬುಧವಾರ, ರಾತ್ರಿ 9:00

ಮೂವತ್ತು ವರ್ಷದಿಂದ ಬೀಟೆ ಮರದಲ್ಲಿ ಇನ್‌ಲೇ, ಅಂದರೆ ಸಣ್ಣ ಚೂರು ಕೂರಿಸಿ ಚಿತ್ರ ಮಾಡುವ ಕೆಲಸ. ಸಣ್ಣ ಗರಗಸ ಹಿಡಿದು ದಿನಕ್ಕೆ ಎಂಟು ಗಂಟೆ ಕೂರುತ್ತೇನೆ. ರಾತ್ರಿ ಎರಡು ಗಂಟೆಗೆ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ. ಕೈ ಕೊಡವಿದರೆ ಹೋಗುತ್ತದೆ. ಈಚೆಗೆ ಅಕ್ಕಿಕಾಳಿನಷ್ಟು ಚೂರುಗಳು ಬೆರಳಿನಿಂದ ಜಾರುತ್ತಿವೆ. ಇಂಜೆಕ್ಷನ್ ಸಾಕೇ, ಆಪರೇಷನ್ ಬೇಕೇ?

ಕೈ ವೈದ್ಯ, ಮೈಸೂರು · ಬುಧವಾರ, ರಾತ್ರಿ 10:40

ಕಿರುಬೆರಳಿಗೆ ಜೋಮು ಇಲ್ಲ ಎಂದರೆ ಮಣಿಕಟ್ಟಿನಲ್ಲಿ ಮೀಡಿಯನ್ ನರ ಒತ್ತಿಕೊಂಡಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷಿಸಿ. ರಾತ್ರಿ ಮಣಿಕಟ್ಟು ನೇರವಾಗಿರುವ ಸ್ಪ್ಲಿಂಟ್ ಕಟ್ಟಿ. 2018ರ ಬ್ರಿಟಿಷ್ ಅಧ್ಯಯನದಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಆರು ವಾರಕ್ಕೆ ಸ್ಪ್ಲಿಂಟಿಗಿಂತ ಚೆನ್ನಾಗಿ ಕೆಲಸ ಮಾಡಿತು, ಆರು ತಿಂಗಳಿಗೆ ಎರಡೂ ಒಂದೇ. ನಿಮಗೆ ಚೂರು ಜಾರುತ್ತಿದೆ ಎಂಬುದೇ ನನಗೆ ಚಿಂತೆ. ಹೆಬ್ಬೆರಳ ಬುಡದ ಉಬ್ಬು ಎಡಗೈಗಿಂತ ತಗ್ಗಿದೆಯೇ ನೋಡಿಕೊಳ್ಳಿ. ತಗ್ಗಿದ್ದರೆ ತಡಮಾಡಬೇಡಿ, ಹತ್ತು ಹದಿನೈದು ನಿಮಿಷದ ಆಪರೇಷನ್. ಕ್ಯಾಮೆರಾ ಹಾಕಿ ಮಾಡಿದರೂ ತೆರೆದು ಮಾಡಿದರೂ ವರ್ಷದ ನಂತರ ಫಲ ಒಂದೇ, ಕ್ಯಾಮೆರಾದಲ್ಲಿ ಕೆಲಸಕ್ಕೆ ಸ್ವಲ್ಪ ಬೇಗ ಮರಳಬಹುದು.

ಬೈಕ್ ಬಿದ್ದವನ ಅಣ್ಣ · ಗುರುವಾರ, ಬೆಳಿಗ್ಗೆ 8:20

2023ರ ಆಗಸ್ಟ್‌ನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲವಲ್ಲ, ಸರ್ವಿಸ್ ರಸ್ತೆಯಲ್ಲಿ ಹೋಗುವಾಗ ತಮ್ಮ ಬಿದ್ದ. ಮೂಳೆ ಮುರಿದಿಲ್ಲ. ಆದರೆ ಎಡಗೈ ಭುಜದಿಂದ ಜೋತುಬಿದ್ದಿದೆ. ಬೆರಳು ಆಡುತ್ತವೆ, ಭುಜ ಎತ್ತಲು ಮೊಣಕೈ ಮಡಿಚಲು ಆಗುವುದಿಲ್ಲ. ‘ನರ ತಾನಾಗಿ ಬರುತ್ತದೆ, ಒಂದು ವರ್ಷ ಕಾಯಿರಿ’ ಎಂದು ಒಂದು ಕಡೆ ಹೇಳಿದರು. ಈಗ ನಾಲ್ಕೂವರೆ ತಿಂಗಳಾಗಿದೆ.

ಕೈ ವೈದ್ಯ, ಮೈಸೂರು · ಗುರುವಾರ, ಬೆಳಿಗ್ಗೆ 9:05

ದಯವಿಟ್ಟು ಈ ವಾರವೇ ಭುಜದ ನರಜಾಲಕ್ಕೆ ಶಸ್ತ್ರಚಿಕಿತ್ಸೆ ಮಾಡುವವರನ್ನು ಕಾಣಿ. ಒಪಿಡಿ ನಡುವೆ ಇದನ್ನು ಬರೆಯುತ್ತಿದ್ದೇನೆ, ಅಷ್ಟು ಅವಸರ. ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದಾಗ ಕುತ್ತಿಗೆಯಿಂದ ಬರುವ ನರಗಳು ಹಿಗ್ಗುತ್ತವೆ, ಹರಿಯುತ್ತವೆ, ಕೆಲವು ಬೆನ್ನುಹುರಿಯಿಂದಲೇ ಕಿತ್ತುಬರುತ್ತವೆ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್. ಅದು ತಲುಪುವ ಮೊದಲು ಒಂದು, ಒಂದೂವರೆ ವರ್ಷ ಕಳೆದರೆ ಮಾಂಸಖಂಡ ನರವನ್ನು ಸ್ವೀಕರಿಸುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಮೂರು ತಿಂಗಳಲ್ಲಿ ಚೇತರಿಕೆ ಕಾಣದಿದ್ದರೆ ಆರು ತಿಂಗಳೊಳಗೆ ಆಪರೇಷನ್ ಆಗಬೇಕು.

ನಿಮ್ಮ ತಮ್ಮನ ಬೆರಳು ಆಡುತ್ತಿರುವುದು ಒಳ್ಳೆಯ ಸುದ್ದಿ. ಫ್ರಾನ್ಸಿನ ಒಬರ್ಲಾಂ 1994ರಲ್ಲಿ ತೋರಿಸಿದ ವಿಧಾನದಲ್ಲಿ, ಕೈಗೆ ಹೋಗುವ ಅಲ್ನಾರ್ ನರದಿಂದ ಒಂದು ಸಣ್ಣ ಎಳೆಯನ್ನು ತೆಗೆದು, ತೋಳಿನಲ್ಲೇ ಮೊಣಕೈ ಮಡಿಚುವ ಸ್ನಾಯುವಿನ ನರಕ್ಕೆ ಹೊಲಿಯುತ್ತೇವೆ. ಎಳೆ ಸ್ನಾಯುವಿನ ಪಕ್ಕದಲ್ಲೇ ಇರುವುದರಿಂದ ಕೆಲವೇ ತಿಂಗಳಲ್ಲಿ ಅದು ತಲುಪುತ್ತದೆ. ಕೈಯ ಬಲ ಕಡಿಮೆಯಾಗುವುದು ಅಪರೂಪ.

ಫಿಸಿಯೋ, ಸರಸ್ವತಿಪುರಂ · ಗುರುವಾರ, ಮಧ್ಯಾಹ್ನ 12:40

ಈ ಆಪರೇಷನ್ ಆದ ಹುಡುಗರನ್ನು ನಾನು ನೋಡಿಕೊಂಡಿದ್ದೇನೆ. ಮೊದಲಿಗೆ ಮೊಣಕೈ ಮಡಿಚು ಎಂದರೆ ಏನೂ ಆಗುವುದಿಲ್ಲ. ‘ಮುಷ್ಟಿ ಬಿಗಿ’ ಎನ್ನಬೇಕು. ಮುಷ್ಟಿ ಬಿಗಿದಾಗ ತೋಳಿನಲ್ಲಿ ಸಣ್ಣದೊಂದು ಮಿಡಿತ ಕಾಣುತ್ತದೆ, ಇರುವೆ ಹರಿದಷ್ಟು. ಅಲ್ಲಿಂದ ದಿನವೂ ಕನ್ನಡಿಯ ಮುಂದೆ ಕೂರಿಸಿ ಮಾಡಿಸುತ್ತೇವೆ. ತಿಂಗಳುಗಳು ಕಳೆದಂತೆ ಮೆದುಳು ದಾರಿ ಕಲಿಯುತ್ತದೆ, ಮುಷ್ಟಿಯನ್ನು ನೆನೆಯದೆಯೇ ಲೋಟ ಬಾಯಿಗೆ ಬರುತ್ತದೆ. ಅಲ್ಲಿಯವರೆಗೆ ಭುಜ ಜೋತುಬೀಳದಂತೆ ಆಧಾರ ಕೊಡಿ, ಎಲ್ಲ ಕೀಲುಗಳನ್ನೂ ಬಲಗೈಯಿಂದ ಆಡಿಸುತ್ತಿರಲಿ.

ಎಳನೀರು, ಮದ್ದೂರು · ಗುರುವಾರ, ಸಂಜೆ 5:00

ಡಾಕ್ಟರೇ, ಬೇರೆಯವರ ಕೈಯನ್ನೇ ಕಸಿ ಮಾಡುತ್ತಾರಂತೆ, ನಿಜವೇ? ಕೆರಗೋಡಿನ ತಮ್ಮನಿಗೆ ಬೆರಳು ಹಾಗೆ ಕೊಡಬಹುದೇ?

ಕೈ ವೈದ್ಯ, ಮೈಸೂರು · ಗುರುವಾರ, ರಾತ್ರಿ 10:00

ನಿಜ. 1998ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕೈಕಸಿ ನಡೆಯಿತು. ಆದರೆ ಆ ರೋಗಿ ಔಷಧ ನಿಲ್ಲಿಸಿದ್ದರಿಂದ 2001ರಲ್ಲಿ ಕೈಯನ್ನು ತೆಗೆಯಬೇಕಾಯಿತು. ನಮ್ಮ ದೇಶದಲ್ಲಿ 2015ರ ಜನವರಿಯಲ್ಲಿ ಕೊಚ್ಚಿಯ ಅಮೃತ ಆಸ್ಪತ್ರೆಯಲ್ಲಿ ಎರಡೂ ಕೈಗಳ ಕಸಿ ಮಾಡಿದರು. ದೇಹ ಆ ಕೈಯನ್ನು ತಿರಸ್ಕರಿಸದಂತೆ ಜೀವನವಿಡೀ ಔಷಧ ಬೇಕು, ಅದರಿಂದ ಸೋಂಕು, ಮೂತ್ರಪಿಂಡದ ತೊಂದರೆ ಬರಬಹುದು. ಎರಡೂ ಕೈ ಕಳೆದುಕೊಂಡವರಿಗೆ ಅದು ಸರಿ, ಒಂದು ಬೆರಳಿಗಲ್ಲ. ಹೆಬ್ಬೆರಳು ಹೋಗಿದ್ದರೆ ಸ್ವಂತ ಕಾಲಿನ ಬೆರಳನ್ನೇ ತಂದು ಜೋಡಿಸುವ ದಾರಿ ಇದೆ.

ಇದನ್ನು ಬರೆಯುವಾಗ ವೆಲ್ಲೂರಿನ ಪಾಲ್ ಬ್ರಾಂಡ್ ನೆನಪಾದರು. 1940ರ ದಶಕದ ಕೊನೆಯಲ್ಲಿ, ಕುಷ್ಠರೋಗಿಗಳ ಮುದುಡಿದ ಕೈಗಳಿಗೆ ಬೇರೆ ಕಡೆಯ ಸ್ನಾಯುರಜ್ಜುಗಳನ್ನು ತಿರುಗಿಸಿ ಕಟ್ಟಿ, ಅವು ಮತ್ತೆ ತೆರೆಯುವಂತೆ ಮಾಡಿದರು. ಆ ಕೈಗಳನ್ನು ಅದುವರೆಗೆ ಶಸ್ತ್ರಚಿಕಿತ್ಸಕರು ಮುಟ್ಟುತ್ತಲೂ ಇರಲಿಲ್ಲ. ಇಂದು ನಾವು ಗಾಯಗಳಿಗೆ ಮಾಡುವ ಎಷ್ಟೋ ಕೆಲಸಕ್ಕೆ ಆ ವಾರ್ಡಿನ ಅನುಭವ ಅಡಿಪಾಯ.

ಕೆರಗೋಡು ರೈತ · ಹನ್ನೊಂದು ದಿನಗಳ ನಂತರ, ರಾತ್ರಿ 8:30

ಕೈ ಬಿಡಿಸಿದರು. ಚರ್ಮ ಹಿಡಿದಿದೆ, ದಪ್ಪಗೆ ಉಬ್ಬಿದೆ, ಮುಂದೆ ತೆಳು ಮಾಡುತ್ತಾರಂತೆ. ಭುಜ ಹಿಡಿದುಕೊಂಡಿಲ್ಲ, ಫಿಸಿಯೋ ಅಕ್ಕ ಹೇಳಿದ್ದನ್ನು ಅವ್ವ ಬಿಡದೆ ಮಾಡಿಸಿದಳು. ನಡುಬೆರಳ ತುದಿಗೂ ಅಂಗೈಗೂ ನಡುವೆ ಇನ್ನೂ ನಾಲ್ಕು ಸೆಂಟಿಮೀಟರ್ ಅಂತರವಿದೆ. ಸ್ಕೇಲ್ ಇಟ್ಟು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೇನೆ.

ಆಲೆಮನೆಯ ಮಾಲೀಕರೊಡನೆ ಮಾತನಾಡಿದೆ. ಗಾಣದ ಬಾಯಿಗೆ ಒಂದು ಮೊಳ ಉದ್ದದ ಕಬ್ಬಿಣದ ದೋಣಿ ಬೆಸುಗೆ ಹಾಕಿಸಿದ್ದೇವೆ, ಕಬ್ಬು ಅದರಲ್ಲಿ ಹೋಗುತ್ತದೆ, ಕೈ ರೋಲರಿಗೆ ಎಟುಕುವುದಿಲ್ಲ. ಕಬ್ಬು ಕೊಡುವವನ ಕೈಗೆ ಸಿಗುವಂತೆ ಸ್ವಿಚ್ ಇಟ್ಟಿದ್ದೇವೆ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಹೀಗೆ ಬರೆಸಿದ್ದೇನೆ. ತಪ್ಪಿದ್ದರೆ ತಿದ್ದಿ:

ಗ್ಲೌಸ್, ತೂಗುವ ಟವಲ್ ಹಾಕಿ ಕಬ್ಬು ಕೊಡಬೇಡಿ. ಕೈ ಸಿಕ್ಕಿದರೆ ಮೊದಲು ಸ್ವಿಚ್ ಆರಿಸಿ. ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈ ಮೇಲೆತ್ತಿ. ತುಂಡಾದ ಬೆರಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕವರಿನಲ್ಲಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ಬೆರಳಿಗೆ ಐಸ್ ತಾಗಬಾರದು. 108ಕ್ಕೆ ಕರೆ ಮಾಡಿ.

ಕೈ ವೈದ್ಯ, ಮೈಸೂರು · ಅದೇ ದಿನ, ರಾತ್ರಿ 9:10

ಮೂರು ಮಾತು ಸೇರಿಸಿ. ಉಂಗುರ, ಬಳೆ ಇದ್ದರೆ ಊದಿಕೊಳ್ಳುವ ಮೊದಲೇ ತೆಗೆಯಿರಿ. ಗಾಯಕ್ಕೆ ಅರಿಸಿನ, ಕಾಫಿಪುಡಿ ಹಾಕಬೇಡಿ. ಪೆಟ್ಟಾದ ಸಮಯವನ್ನು ಒಂದು ಚೀಟಿಯಲ್ಲಿ ಬರೆದು ರೋಗಿಯ ಜೊತೆ ಕಳುಹಿಸಿ.

ಕೆರಗೋಡು ರೈತ · ಅದೇ ದಿನ, ರಾತ್ರಿ 9:25

ನಾಳೆ ಬೆಳಿಗ್ಗೆ ಬರೆಸುತ್ತೇನೆ. ಬಣ್ಣ ಇನ್ನೂ ಉಳಿದಿದೆ.